ತೋಟದ ಅಂಚಿನಲ್ಲಿ ಹಂದಿಬೆತ್ತ: ಬೀಜದಿಂದ ಕಟಾವಿನವರೆಗೆ

ಅಡಿಕೆ ತೋಟ ಮುಗಿಯುವಲ್ಲಿ, ತೋಡಿನ ಆಚೆ ಬದಿಯಲ್ಲಿ ನಾಲ್ಕು ದೊಡ್ಡ ಮರ ನಿಂತ ಜಾಗ ನಿಮ್ಮಲ್ಲಿ ಇದೆಯಾ? ಹೆಬ್ಬಲಸೋ, ಕಾಟುಮಾವೋ, ಹಳೆಯ ಹಲಸೋ, ಯಾವ ಮರವಾದರೂ ಸರಿ. ಅಡಿಕೆ ಹಾಕೋಣ ಎಂದರೆ ನೆರಳು ಜಾಸ್ತಿ, ಸುಮ್ನೆ ಬಿಡೋಣ ಎಂದರೆ ಮನಸ್ಸು ಬರುವುದಿಲ್ಲ. ಮಂಗಳೂರು, ಉಡುಪಿ ಸುತ್ತಮುತ್ತ ಇಂಥ ಜಾಗ ಬೇಕಾದಷ್ಟಿದೆ. ಅಲ್ಲಿಗೆ ಹೇಳಿ ಮಾಡಿಸಿದ ಬೆಳೆ ಬೆತ್ತ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಮೂರು ವರ್ಷಕ್ಕೆ ದುಡ್ಡು ಕೊಡುವ ಬೆಳೆ ಅಲ್ಲ. ದಪ್ಪ ಬೆತ್ತ ಮೊದಲ ಕಟಾವಿಗೆ ಬರಲು 12ರಿಂದ 15 ವರ್ಷ ಬೇಕು. ಆದರೆ ಮೊದಲ ಮೂರು ವರ್ಷ ಸರಿಯಾಗಿ ನೋಡಿಕೊಂಡರೆ ಆಮೇಲೆ ಅದರ ಕಡೆ ಹೆಚ್ಚು ತಿರುಗಿ ನೋಡಬೇಕಾಗಿಲ್ಲ. ಗೊಬ್ಬರ, ನೀರು ಸ್ವಲ್ಪ ಹೆಚ್ಚುಕಡಿಮೆಯಾದರೂ ಬೆತ್ತ ತಡೆದುಕೊಳ್ಳುತ್ತದೆ. ಬೆಳಕಿನ ಲೆಕ್ಕ ತಪ್ಪಿದರೆ ಮಾತ್ರ ಏಳುವುದೇ ಇಲ್ಲ. ಈ ಲೇಖನದಲ್ಲಿ ಬೆಳಕಿನ ಮಾತು ಮತ್ತೆ ಮತ್ತೆ ಬರುವುದು ಅದಕ್ಕೇ.

ಯಾವ ಬೆತ್ತ ನೆಡಬೇಕು?

ಬೆತ್ತ ತಾಳೆಯ ಕುಟುಂಬಕ್ಕೆ ಸೇರಿದ ಬಳ್ಳಿ. ತೆಂಗು, ಅಡಿಕೆ, ಬೈನೆ ಎಲ್ಲ ಇದರ ಬಳಗ. ಬಿದಿರಿಗೂ ಇದಕ್ಕೂ ನಂಟಿಲ್ಲ. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಬೆತ್ತ ಒಳಗೂ ಗಟ್ಟಿ. ಬಿಸಿ ಮಾಡಿ ಬಗ್ಗಿಸಿದರೆ ಬೇಕಾದ ಆಕಾರಕ್ಕೆ ಬರುತ್ತದೆ, ತಣಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಕುರ್ಚಿ, ಸೋಫಾ, ತೊಟ್ಟಿಲು ಮಾಡುವವರಿಗೆ ಬೇಕಾಗಿರುವುದು ಇದೇ ಗುಣ.

ನಮ್ಮ ಘಟ್ಟದ ಕಾಡುಗಳಲ್ಲಿ ಹಲವು ಜಾತಿಯ ಬೆತ್ತಗಳಿವೆ. ನಮ್ಮ ಕಡೆ ಜನರ ಬಾಯಲ್ಲಿ ಮೊದಲು ಬರುವ ಹೆಸರು ನಾಗಬೆತ್ತ. ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಯಲ್ಲಿ ಬ್ರಹ್ಮರಥ ಎಳೆಯುವುದು ಹಗ್ಗದಿಂದ ಅಲ್ಲ, ಬೆತ್ತದಿಂದ. ಕಾಡಿನಿಂದ ಬೆತ್ತ ತಂದು ರಥ ಕಟ್ಟುವವರು ಮಲೆಕುಡಿಯರು. ರಥ ಎಳೆದ ಬೆತ್ತದ ತುಂಡನ್ನು ಭಕ್ತರು ಪ್ರಸಾದ ಎಂದು ಮನೆಗೆ ಒಯ್ಯುತ್ತಾರೆ. ಆ ನಾಗಬೆತ್ತ ಹೆಚ್ಚಾಗಿ ಸುಬ್ರಹ್ಮಣ್ಯ, ಕೊಡಗಿನ ಕಡೆಯ ಕಾಡುಗಳಲ್ಲಿ ಮಾತ್ರ ಸಿಗುವ ಅಪರೂಪದ ಜಾತಿ. ಅದರ ಬೀಜ ಸಿಗುವುದೇ ಕಷ್ಟ. ಹೊಸದಾಗಿ ಶುರು ಮಾಡುವವರು ಅದರ ಹಿಂದೆ ಬೀಳುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ನಾನು ಹೇಳುವುದು ಹಂದಿಬೆತ್ತ. ಸಸ್ಯಶಾಸ್ತ್ರದಲ್ಲಿ ಕ್ಯಾಲಮಸ್ ತ್ವೈಟೆಸಿ. ಪಶ್ಚಿಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಬೆಳೆಯುತ್ತದೆ. ನಮ್ಮ ದಪ್ಪ ಬೆತ್ತಗಳಲ್ಲಿ ಹೆಚ್ಚು ಕಡೆ ಸಿಗುವುದು ಇದೇ. ಕಾಂಡವನ್ನು ಸುತ್ತಿಕೊಂಡಿರುವ ಎಲೆಬುಡದ ಪೊರೆ ಸಮೇತ ಅಳೆದರೆ ಸುಮಾರು 6 ಸೆಂಟಿಮೀಟರ್ ದಪ್ಪ ಬರುತ್ತದೆ. ಪೊರೆ ಸುಲಿದ ಮೇಲೆ ಉಳಿಯುವ ಬೆತ್ತ 3 ಸೆಂಟಿಮೀಟರ್ ತನಕ. ಉದ್ದ 20 ಮೀಟರ್ ದಾಟುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಂದಿಬೆತ್ತ ಒಂಟಿ ಕಾಂಡದ್ದಲ್ಲ, ಬುಡದಿಂದ ಕಂದು, ಅಂದರೆ ಮರಿಗಿಡ, ಒಡೆಯುತ್ತಲೇ ಇರುತ್ತದೆ. ಒಂದು ಕಾಂಡ ಕಡಿದರೆ ಬುಡ ಸಾಯುವುದಿಲ್ಲ. ಒಂಟಿ ಕಾಂಡದ ಜಾತಿಗಳನ್ನು ಕಡಿದರೆ ಅಲ್ಲಿಗೇ ಮುಗಿಯಿತು, ಮತ್ತೆ ಬೀಜದಿಂದಲೇ ಶುರು.

ಕುರ್ಚಿಯ ಚೌಕಟ್ಟಿಗೆ ದಪ್ಪ ಬೆತ್ತ ಬೇಕು. ಹೆಣಿಗೆಗೆ, ಬುಟ್ಟಿಗೆ ತೆಳು ಬೆತ್ತ. ವ್ಯಾಪಾರದಲ್ಲಿ 18 ಮಿಲಿಮೀಟರ್ ದಪ್ಪವನ್ನು ಗಡಿಯಾಗಿ ಹಿಡಿಯುತ್ತಾರೆ. ತೆಳು ಬೆತ್ತವೂ ಬೇಕು ಅನ್ನುವವರು ಕ್ಯಾಲಮಸ್ ರೋಟಾಂಗ್ ಹಾಕಬಹುದು. ಅದು ತಗ್ಗಿನ, ತೇವದ ಜಾಗದ ಬೆತ್ತ. ತೆಳು ಜಾತಿಗಳು 7ರಿಂದ 10 ವರ್ಷಕ್ಕೆ ಕೈಗೆ ಬರುತ್ತವೆ.

ಜಾಗ ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಬೆತ್ತದ ಸಸಿಗೆ ಎಳೆತನದಲ್ಲಿ ನೆರಳು ಬೇಕು, ಬೆಳೆದ ಮೇಲೆ ಬೆಳಕು ಬೇಕು. ಪೂರ್ತಿ ಬಿಸಿಲಿಗೆ ಇಟ್ಟರೆ ಎಲೆ ಹಳದಿಯಾಗಿ ಸುಡುತ್ತದೆ, ಸಸಿ ಕುಗ್ಗುತ್ತದೆ. ದಟ್ಟ ನೆರಳಲ್ಲಿ ಇಟ್ಟರೆ ಸಾಯುವುದಿಲ್ಲ, ಆದರೆ ಏಳುವುದೂ ಇಲ್ಲ. ನೆಲಮಟ್ಟದಲ್ಲಿ ನಾಲ್ಕಾರು ಎಲೆ ಬಿಟ್ಟುಕೊಂಡು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಕಾಡಿನಲ್ಲೂ ಅಷ್ಟೇ. ಮೇಲೆ ಒಂದು ಮರ ಬಿದ್ದು ಬೆಳಕಿನ ಕಿಂಡಿ ತೆರೆದಾಗಲೇ ಕೆಳಗಿನ ಬೆತ್ತ ಮೇಲಕ್ಕೆ ಹೊರಡುವುದು. ತೋಟದಲ್ಲಿ ಆ ಕಿಂಡಿಯನ್ನು ನಾವು ಮಾಡಿಕೊಡಬೇಕು.

ಪರೀಕ್ಷೆ ಸುಲಭ. ಬೇಸಿಗೆಯ ಮಧ್ಯಾಹ್ನ 12 ಗಂಟೆಗೆ ಆ ಜಾಗಕ್ಕೆ ಹೋಗಿ ನೆಲ ನೋಡಿ. ಅರ್ಧ ನೆಲದ ಮೇಲೆ ಬಿಸಿಲಿನ ತುಂಡುಗಳು, ಉಳಿದರ್ಧ ನೆರಳು ಇದ್ದರೆ ಜಾಗ ಸರಿ. ಬಿಸಿಲೇ ಕಾಣದಿದ್ದರೆ ಕೆಳಗಿನ ಕೊಂಬೆ ಸವರಬೇಕು. ಪೂರ್ತಿ ಬಿಸಿಲಿದ್ದರೆ ಮೊದಲು ನೆರಳಿಗೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಹಾಕಿ, ಎರಡು ವರ್ಷ ಕಾದು, ಆಮೇಲೆ ಬೆತ್ತ ನೆಡಿ.

ಇನ್ನು ಏರಲು ಮರ. ಹಂದಿಬೆತ್ತದ ಎಲೆಯ ಪೊರೆಯಿಂದ ಚಾಟಿಯಂಥ ಉದ್ದನೆಯ ಎಳೆ ಹೊರಡುತ್ತದೆ. ಅದರ ತುಂಬ ಹಿಂದಕ್ಕೆ ಬಾಗಿದ ಕೊಕ್ಕೆ ಮುಳ್ಳು. ಗಾಳಿಗೆ ಆಡುತ್ತಾ ಹತ್ತಿರದ ಕೊಂಬೆಗೆ ಸಿಕ್ಕಿಕೊಂಡು, ಅದನ್ನೇ ಆಧಾರ ಮಾಡಿಕೊಂಡು ಬಳ್ಳಿ ಮೇಲೇರುತ್ತದೆ. ಬಳ್ಳಿ ಭಾರವಾದಂತೆ ಕೆಳಕ್ಕೆ ಜಾರುವುದೂ ಇದೆ, ಆಗ ಬುಡದಲ್ಲಿ ಸುರುಳಿ ಬೀಳುತ್ತದೆ. ಹೆದರಬೇಕಾಗಿಲ್ಲ, ಅದು ಅದರ ಸ್ವಭಾವ. ಆದರೆ ಮರ ಗಟ್ಟಿಯಾಗಿರಬೇಕು. ಹಲಸು, ಹೆಬ್ಬಲಸು, ಕಾಟುಮಾವು ಒಳ್ಳೆಯ ಆಧಾರ. ಅಡ್ಡ ಕೊಂಬೆ ಹೆಚ್ಚಿದ್ದಷ್ಟು ಒಳ್ಳೆಯದು.

ಅಡಿಕೆ, ತೆಂಗಿನ ಮರದ ಹತ್ತಿರ ಮಾತ್ರ ಬೇಡವೇ ಬೇಡ. ಒಮ್ಮೆ ಬೆತ್ತ ಹಬ್ಬಿದರೆ ಆ ಮರ ಹತ್ತಲು ಯಾರೂ ಬರುವುದಿಲ್ಲ. ಮದ್ದು ಬಿಡುವುದೂ ಆಗುವುದಿಲ್ಲ, ಕಾಯಿ ತೆಗೆಯುವುದೂ ಆಗುವುದಿಲ್ಲ. ಕಡೆಯ ಅಡಿಕೆ ಸಾಲಿನಿಂದ ಕಡಿಮೆ ಎಂದರೂ 8–10 ಮೀಟರ್ ದೂರ ಬಿಡಿ. ಮಲೇಷ್ಯಾದಲ್ಲಿ ರಬ್ಬರ್ ಮರಗಳ ಕೆಳಗೆ ಬೆತ್ತ ಬೆಳೆಸಿ ನೋಡಿದ್ದಾರೆ. ಟ್ಯಾಪಿಂಗ್ ಮಾಡುವವರಿಗೆ ಮುಳ್ಳಿನ ಕಾಟ. ಕಾರ್ಕಳ, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರು ತೋಟದ ಗಡಿಯಲ್ಲಿ ಹಾಕಿದರೆ ಸಾಕು. ಗಡಿಯಲ್ಲಿ ಸಾಲಾಗಿ ನೆಟ್ಟರೆ ಬೇಲಿಯೂ ಆಯಿತು. ಆ ಮುಳ್ಳು ದಾಟಿ ದನ ಬರುವುದಿಲ್ಲ. ಮಕ್ಕಳು ಓಡಾಡುವ ದಾರಿ, ಬಾವಿಕಟ್ಟೆ, ಹಟ್ಟಿ ಇವುಗಳ ಹತ್ತಿರ ಬೇಡ.

ಮಣ್ಣಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತರಗೆಲೆ ಬಿದ್ದು ಕಪ್ಪಾದ, ತೇವ ಹಿಡಿಯುವ, ಆದರೆ ನೀರು ನಿಲ್ಲದ ಮಣ್ಣು ಬೇಕು. ಬರಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳುಗುಡ್ಡೆ ಆಗುವುದಿಲ್ಲ. ಗುಡ್ಡೆಯ ಬುಡ, ತೋಡಿನ ಬದಿ, ಹಾಡಿಯ ಅಂಚು ಚೆನ್ನಾಗಿ ಆಗುತ್ತದೆ. ಹಳೆಯ ನಾಗಬನದೊಳಗೆ ಬೆತ್ತ ಕಂಡರೆ ಅದನ್ನು ಅಲ್ಲೇ ಇರಲು ಬಿಡಿ. ಆದರೆ ನೋಡಿ ಕಲಿಯಿರಿ. ಅದು ಎಂಥ ಮಣ್ಣಲ್ಲಿ ನಿಂತಿದೆ, ಎಷ್ಟು ಬೆಳಕಲ್ಲಿ ಮೇಲೆದ್ದಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಬೀಜ: ಒಣಗಿಸಿದರೆ ಹೋಯಿತು

ಭತ್ತದ ಬೀಜವನ್ನು ಒಣಗಿಸಿಡುವ ಅಭ್ಯಾಸ ನಮಗಿದೆ. ಬೆತ್ತದ ಬೀಜಕ್ಕೆ ಅದು ನಡೆಯುವುದಿಲ್ಲ. ಬೀಜದೊಳಗಿನ ತೇವ ಆರಿದರೆ ಮೊಳಕೆಯ ಶಕ್ತಿಯೂ ಹೋಗುತ್ತದೆ. ಬಿಸಿಲಿಗೆ ಹಾಕಲೇಬಾರದು. ಅಂಚೆಯಲ್ಲಿ ತರಿಸುವುದಾದರೂ ಒದ್ದೆ ತೆಂಗಿನ ನಾರಿನ ಹುಡಿಯಲ್ಲಿ ಇಟ್ಟು ಕಳಿಸಲು ಹೇಳಿ.

ಹಣ್ಣು ಬೇಸಿಗೆಯಿಂದ ಮಳೆ ಹಿಡಿಯುವವರೆಗಿನ ಸಮಯದಲ್ಲಿ ಹಣ್ಣಾಗುತ್ತದೆ. ಒಂದರ ಮೇಲೊಂದು ಹೊದಿಸಿದ ಚಿಕ್ಕ ಚಿಕ್ಕ ಚಿಪ್ಪು ಹಣ್ಣಿನ ಸುತ್ತ ಇರುತ್ತದೆ, ನೋಡಿದ ಕೂಡಲೇ ಗುರುತು ಸಿಗುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಣ್ಣು ಹೆಣ್ಣು ಗಿಡದಲ್ಲಿ ಮಾತ್ರ. ಹಸಿರು ಕಾಯಿ ಕೀಳಬೇಡಿ. ಬಣ್ಣ ತಿರುಗಿ, ಕೈಯಲ್ಲಿ ಒತ್ತಿದರೆ ಚಿಪ್ಪು ಬಿಡುವ ಹಣ್ಣು ಬೇಕು. ಮಂಗಗಳಿಗೂ ಹಕ್ಕಿಗಳಿಗೂ ಇದು ಇಷ್ಟ, ಸ್ವಲ್ಪ ತಡ ಮಾಡಿದರೂ ಗೊನೆ ಖಾಲಿ.

ಕಾಯ್ದಿಟ್ಟ ಅರಣ್ಯದಿಂದ ಹಣ್ಣನ್ನೂ ಸಸಿಯನ್ನೂ ಅನುಮತಿ ಇಲ್ಲದೆ ತರುವಂತಿಲ್ಲ. ಮೊದಲು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ಖಾಸಗಿ ಹಾಡಿಯಲ್ಲಿ ಬೆತ್ತ ಇರುವವರನ್ನು ಹುಡುಕಿ.

ತಂದ ಹಣ್ಣನ್ನು ಒಂದೆರಡು ದಿನ ನೀರಲ್ಲಿ ನೆನೆಹಾಕಿ. ಆಮೇಲೆ ಒರಟು ಮರಳಿನ ಜೊತೆ ಗೋಣಿಚೀಲದ ಮೇಲೆ ಚೆನ್ನಾಗಿ ತಿಕ್ಕಿ. ಚಿಪ್ಪು ಹೋಗಬೇಕು, ಅದರೊಳಗಿನ ಹುಳಿಯಾದ ತಿರುಳೂ ಹೋಗಬೇಕು. ತಿರುಳು ಉಳಿದರೆ ಮೊಳಕೆ ತಡ, ಬೂಸಲು ಬೇಗ. ತೊಳೆದ ಬೀಜವನ್ನು ನೀರಿಗೆ ಹಾಕಿದಾಗ ತೇಲುವುದನ್ನು ತೆಗೆದುಬಿಡಿ.

ಬೀಜದ ಒಂದು ಕಡೆ ಚಿಕ್ಕ ಮುಚ್ಚಳದ ಹಾಗೆ ಒಂದು ಗುರುತು ಇರುತ್ತದೆ. ಮೊಳಕೆ ಬರುವುದು ಅಲ್ಲಿಂದಲೇ. ಚೂಪಾದ ಚಾಕುವಿನ ತುದಿಯಿಂದ ಆ ಮುಚ್ಚಳವನ್ನು ಮೆಲ್ಲಗೆ ಎತ್ತಿ ತೆಗೆದರೆ ಬೀಜ ಬಹಳ ಬೇಗ ಮೊಳೆಯುತ್ತದೆ. ಒಳಗಿನ ಮೊಳಕೆಗೆ ಚಾಕು ತಾಗಬಾರದು. ಐವತ್ತು ನೂರು ಬೀಜ ಇದ್ದವರಿಗೆ ಈ ಕೆಲಸ ಮಾಡಬಹುದು. ಹಾಗೆಯೇ ಬಿತ್ತಿದರೂ ತೊಂದರೆ ಇಲ್ಲ, ಒಂದು ತಿಂಗಳಿನಿಂದ ಹಿಡಿದು ಕೆಲವು ತಿಂಗಳು ಕಾಯಬೇಕಾಗುತ್ತದೆ ಅಷ್ಟೇ. ಎಲ್ಲ ಬೀಜ ಒಟ್ಟಿಗೆ ಮೊಳೆಯುವುದಿಲ್ಲ. ಬರಲಿಲ್ಲ ಎಂದು ಮಡಿ ಕೆದಕಬೇಡಿ.

ಮಡಿಗೆ ಮರಳು, ಮಣ್ಣು ಸಮ ಸಮ ಬೆರೆಸಿ. ಬೀಜವನ್ನು ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಮೇಲೆ ತೆಂಗಿನ ನಾರಿನ ಹುಡಿಯೋ ಬೈಹುಲ್ಲೋ ತೆಳ್ಳಗೆ ಹರಡಿ. ಮೇಲೆ ಮಡಲಿನ ಚಪ್ಪರ ಇರಲಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ನೇರ ಬಿದ್ದರೆ ಬೀಜ ಕೊಚ್ಚಿಹೋಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ಚಪ್ಪರದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕುವುದು ಒಳ್ಳೆಯದು. ಮಡಿ ಒಣಗಲೂಬಾರದು, ನೀರು ನಿಲ್ಲಲೂಬಾರದು.

ತೊಟ್ಟೆಯಲ್ಲಿ ಒಂದು ವರ್ಷ

ಸಸಿಗೆ ಒಂದೆರಡು ಎಲೆ ಬಂದ ಮೇಲೆ 6 ಇಂಚು ಅಗಲ, 9 ಇಂಚು ಎತ್ತರದ ಪ್ಲಾಸ್ಟಿಕ್ ತೊಟ್ಟೆಗೆ ಬದಲಿಸಿ. ಕಾಡುಮಣ್ಣು, ಸ್ವಲ್ಪ ಮರಳು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸಾಕು. ಬೇರು ಕಿತ್ತುಹೋಗದ ಹಾಗೆ ಸಸಿ ಎತ್ತಬೇಕು. ಅರ್ಧ ನೆರಳಲ್ಲಿ ಇಡಿ. ಮುಂದಿನ ಮಳೆಗಾಲದವರೆಗೆ ಅಲ್ಲೇ ಬೆಳೆಯಲಿ. ನೆಡುವ ತಿಂಗಳ ಮೊದಲು ನೆರಳನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಬಿಸಿಲಿನ ಅಭ್ಯಾಸ ಮಾಡಿಸಿ.

ನೆಡುವುದು

ಮೇ ಕೊನೆಯ ವಾರದ ಪತ್ತನಾಜೆ ಕಳೆದು ಮಳೆ ಸರಿಯಾಗಿ ಹಿಡಿದ ಮೇಲೆ ನೆಡಿ. ಜೂನ್‌ನಲ್ಲಿ ನೆಟ್ಟರೆ ಬೇಸಿಗೆಗೆ ಮೊದಲು ಬೇರು ಊರಲು ಸಮಯ ಸಿಗುತ್ತದೆ. ಹೊಂಡ ಒಂದು ಅಡಿ ಉದ್ದ, ಅಗಲ, ಆಳ ಇದ್ದರೆ ಸಾಕು. ಮುರಕಲ್ಲು ಸಿಕ್ಕಿದರೆ ಪಿಕ್ಕಾಸು ಹಿಡಿದು ಒಂದೂವರೆ ಅಡಿ ಮಾಡಿ. ಹಟ್ಟಿಗೊಬ್ಬರ, ಸುಡುಮಣ್ಣು ಮೇಲ್ಮಣ್ಣಿನ ಜೊತೆ ಬೆರೆಸಿ ತುಂಬಿ.

ಹಂದಿಬೆತ್ತಕ್ಕೆ ಗಿಡದಿಂದ ಗಿಡಕ್ಕೆ 5 ಮೀಟರ್ ಬಿಡಿ, ತೆಳು ಬೆತ್ತಕ್ಕೆ 3 ಮೀಟರ್. ಹತ್ತಿರ ಹತ್ತಿರ ನೆಟ್ಟರೆ ಹೆಚ್ಚು ಬೆತ್ತ ಸಿಗುತ್ತದೆ ಎಂದು ಅನ್ನಿಸಬಹುದು. ಹತ್ತು ವರ್ಷ ಕಳೆದ ಮೇಲೆ ಒಳಗೆ ಕಾಲಿಡಲು ಜಾಗ ಇರುವುದಿಲ್ಲ, ಕಡಿದರೂ ಹೊರಗೆ ಎಳೆಯಲು ಆಗುವುದಿಲ್ಲ. ಆಧಾರದ ಮರದ ಬುಡಕ್ಕೇ ಅಂಟಿಸಿ ನೆಡಬೇಡಿ. ಅಲ್ಲಿ ಮರದ ಬೇರಿನ ಜೊತೆ ಪೈಪೋಟಿ, ಬೆಳಕೂ ಕಡಿಮೆ. ಬುಡದಿಂದ ಎರಡು ಮೀಟರ್ ಆಚೆ, ಕೊಂಬೆಯ ತುದಿಯ ಕೆಳಗೆ ನೆಡಿ. ಬೀಜಕ್ಕಾಗಿ ಮುಂದೆ ಹೆಣ್ಣು ಗಂಡು ಎರಡೂ ಬೇಕಲ್ವಾ? ಸಸಿಯಲ್ಲಿ ಗುರುತು ಸಿಗುವುದಿಲ್ಲ. ಹತ್ತು ಹನ್ನೆರಡು ಗಿಡ ಹಾಕಿದರೆ ಎರಡೂ ಬರುವ ಸಾಧ್ಯತೆ ಹೆಚ್ಚು.

ಮೊದಲ ಮೂರು ವರ್ಷ

ಎಳೆಯ ಬೆತ್ತ ನೋಡಲು ಅಡಿಕೆ ಅಥವಾ ಈಚಲಿನ ಸಸಿಯ ಹಾಗೆ ಇರುತ್ತದೆ. ಹುಲ್ಲು ಕತ್ತರಿಸುವ ಮೆಷಿನ್ ಹಿಡಿದವರಿಗೆ ಅದು ಕಳೆಯೇ. ಪ್ರತಿ ಗಿಡದ ಪಕ್ಕ ಎತ್ತರದ ಗೂಟ ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ಬುಡದ ಸುತ್ತ ಒಂದು ಮೀಟರ್ ಜಾಗದ ಕಳೆಯನ್ನು ಕತ್ತಿಯಲ್ಲೇ ತೆಗೆಸಿ. ವರ್ಷಕ್ಕೆ ಎರಡು ಮೂರು ಸಲ ಸಾಕು: ಮಳೆಯ ಮಧ್ಯೆ ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ.

ನಮ್ಮಲ್ಲಿ ಮಳೆ ಧಾರಾಳ. ಆದರೆ ಡಿಸೆಂಬರ್‌ನಿಂದ ಮೇ ತನಕ ನೆಲ ಒಣಗುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು ಕೊಡಿ. ಬುಡಕ್ಕೆ ತರಗೆಲೆ, ಅಡಿಕೆ ಸೋಗೆ ದಪ್ಪವಾಗಿ ಮುಚ್ಚಿ. ವರ್ಷಕ್ಕೊಂದು ಬುಟ್ಟಿ ಹಟ್ಟಿಗೊಬ್ಬರ ಹಾಕಿದರೆ ಗೊಬ್ಬರದ ಕತೆ ಮುಗಿಯಿತು. ಕಾಡುಹಂದಿ ಬುಡ ಅಗೆಯುತ್ತದೆ, ಮುಳ್ಳುಹಂದಿ ಎಳೆಯ ಸುಳಿ ಕಡಿಯುತ್ತದೆ. ಇವುಗಳ ಕಾಟ ಇರುವಲ್ಲಿ ಸುತ್ತ ಕಲ್ಲು ಜೋಡಿಸಿ, ಮುಳ್ಳಿನ ಸೊಪ್ಪು ಒತ್ತಿ.

ಎರಡನೇ ವರ್ಷದ ಕೊನೆಗೆ ಮತ್ತೆ ಮಧ್ಯಾಹ್ನದ ಪರೀಕ್ಷೆ ಮಾಡಿ. ನೆಟ್ಟಾಗ ಇದ್ದ ಬೆಳಕು ಈಗ ಇರುವುದಿಲ್ಲ, ಮರದ ಕೊಂಬೆಗಳು ಹರಡಿರುತ್ತವೆ. ಗಿಡ ಆರೋಗ್ಯವಾಗಿದ್ದು ಎಲೆ ಮಾತ್ರ ಉದ್ದವಾಗುತ್ತಾ ಕಾಂಡ ಏಳದಿದ್ದರೆ ಅದು ಬೆಳಕಿಲ್ಲ ಎಂಬುದಕ್ಕೆ ಗುರುತು. ಗೊಬ್ಬರ ಸುರಿಯಬೇಡಿ, ಮೇಲಿನ ಕೊಂಬೆ ಸವರಿ. ಒಂದೇ ಸಲಕ್ಕೆ ಪೂರ್ತಿ ಬೋಳಿಸುವುದೂ ಬೇಡ. ಒಮ್ಮೆ ಕಾಂಡ ಎದ್ದು ಕೊಕ್ಕೆ ಮುಳ್ಳು ಕೊಂಬೆ ಹಿಡಿದರೆ ಬೆಳಕನ್ನು ಅದೇ ಹುಡುಕಿಕೊಳ್ಳುತ್ತದೆ.

ಕಾಗದಪತ್ರ

ಕಡಿಯುವ ವರ್ಷ ಬರುವ ಮೊದಲೇ ಇದನ್ನು ತಿಳಿದುಕೊಳ್ಳಿ. 1927ರ ಭಾರತೀಯ ಅರಣ್ಯ ಕಾಯ್ದೆ ‘ಮರ’ ಎಂದು ಹೇಳುವುದರೊಳಗೆ ತಾಳೆ, ಬಿದಿರು, ಬೆತ್ತ ಎಲ್ಲ ಸೇರಿದ್ದವು. 2017ರ ತಿದ್ದುಪಡಿಯಲ್ಲಿ ಬಿದಿರನ್ನು ಅದರಿಂದ ತೆಗೆದರು, ಬೆತ್ತವನ್ನು ತೆಗೆಯಲಿಲ್ಲ. ಬಿದಿರಿಗೆ ಸಡಿಲಿಸಿದ್ದಾರೆ, ಬೆತ್ತಕ್ಕೂ ಹಾಗೇ ಇರಬೇಕು ಎಂದುಕೊಂಡು ಲಾರಿಗೆ ಹಾಕಬೇಡಿ. ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಇದೆ. ನೆಟ್ಟ ವರ್ಷವೇ ಸರ್ವೆ ನಂಬರ್, ಗಿಡಗಳ ಸಂಖ್ಯೆ ಬರೆದು ವಲಯ ಅರಣ್ಯ ಕಚೇರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಕಡಿಯುವ, ಸಾಗಿಸುವ ಮೊದಲು ಯಾವ ಅನುಮತಿ ಬೇಕು ಎಂದು ಅಲ್ಲೇ ಕೇಳಿ. ಕುಮ್ಕಿ ಜಾಗದಲ್ಲಿ (ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ಜಾಗ) ನೆಡುವವರು ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು.

ಕಟಾವು

ಬಲಿತ ಬೆತ್ತದ ಬುಡದ ಪೊರೆಗಳು ತಾವಾಗಿ ಒಣಗಿ ಉದುರುತ್ತವೆ. ಕೆಳಗಿನ ಭಾಗ ಬೆತ್ತಲಾಗಿ, ನಯವಾಗಿ, ಗಟ್ಟಿಯಾಗಿ ಕಾಣುತ್ತದೆ. ಪೊರೆ ಹಸಿರಾಗಿ ಅಂಟಿಕೊಂಡಿರುವ ಕಾಂಡ ಎಳೆಯದು, ಅದನ್ನು ಮುಟ್ಟಬೇಡಿ. ಒಣಗಿದಾಗ ಅದು ಸುಕ್ಕುಗಟ್ಟುತ್ತದೆ.

ಕಡಿಯಲು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣಹವೆ ಸರಿ. ಮಳೆಗಾಲದಲ್ಲಿ ಕಡಿದ ಬೆತ್ತವನ್ನು ನಮ್ಮ ಕರಾವಳಿಯಲ್ಲಿ ಬೂಸಲಿನಿಂದ ಉಳಿಸಲು ಆಗುವುದಿಲ್ಲ. ದಪ್ಪ ಚರ್ಮದ ಕೈಗವಸು, ಬೂಟು, ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ನೆಲದಿಂದ ಒಂದು ಅಡಿ ಮೇಲೆ ಕತ್ತಿಯಲ್ಲಿ ಓರೆಯಾಗಿ ಕಡಿಯಿರಿ. ಆಮೇಲೆ ಇಬ್ಬರು ಮೂವರು ಸೇರಿ ಎಳೆಯಬೇಕು. ಸಿಕ್ಕಿಕೊಂಡ ಕಡೆ ದೋಟಿಯಿಂದ ಕೊಕ್ಕೆ ಎಳೆಗಳನ್ನು ಬಿಡಿಸಿ. ಎಳೆಯುವವರು ನೇರ ಕೆಳಗೆ ನಿಲ್ಲಬಾರದು. ಬೆತ್ತದ ಜೊತೆ ಒಣ ಕೊಂಬೆಯೂ ಬೀಳುತ್ತದೆ.

ತುದಿಯ ಎರಡು ಮೂರು ಮೀಟರ್ ಮೆತ್ತಗಿರುತ್ತದೆ, ಅದನ್ನು ಬಿಟ್ಟುಬಿಡಿ. ಉಳಿದದ್ದರ ಪೊರೆ ಸುಲಿದು 3–4 ಮೀಟರ್‌ನ ತುಂಡು ಮಾಡಿ.

ಕಡಿದ ಮೇಲೆ ಗಡಿಬಿಡಿ ಶುರು

ಹದಿನೈದು ವರ್ಷ ಕಾದವರು ಈ ಎರಡು ದಿನ ಕಾಯಬಾರದು. ಹಸಿ ಬೆತ್ತದಲ್ಲಿ ನೀರೂ ಪಿಷ್ಟವೂ ಹೆಚ್ಚು. ಒಂದೆರಡು ದಿನದಲ್ಲೇ ಬೂಸಲು ಒಳಗಿಳಿದು ನೀಲಿ, ಬೂದು ಬಣ್ಣದ ಕಲೆ ಬರುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಕಲೆ ಬಿದ್ದ ಬೆತ್ತಕ್ಕೆ ಬೆಲೆ ಇಲ್ಲ. ಹಾಗಾಗಿ ಕೊಳ್ಳುವವರನ್ನು ಮಾತಾಡಿಸಿಟ್ಟು, ಆಮೇಲೆ ಕಡಿಯಿರಿ.

ದೊಡ್ಡ ಪ್ರಮಾಣದಲ್ಲಿ ಮಾಡುವವರು ದಪ್ಪ ಬೆತ್ತವನ್ನು ಉದ್ದದ ಕೊಪ್ಪರಿಗೆಯಲ್ಲಿ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಸುಮಾರು ಅರ್ಧ ಗಂಟೆ ಬೇಯಿಸುತ್ತಾರೆ. ನೀರು, ಮೇಣ ಹೊರಬಂದು ಬೆತ್ತ ಹೊಳಪಾಗುತ್ತದೆ. ಇದು ಬೆಂಕಿಯ ಅಪಾಯದ ಕೆಲಸ, ಮನೆಯಂಗಳದಲ್ಲಿ ಖಂಡಿತ ಬೇಡ. ಹಸಿಯಾಗಿಯೇ ಅವರಿಗೆ ಕೊಟ್ಟುಬಿಡಿ. ಮನೆಬಳಕೆಗೆ ಸ್ವಲ್ಪವೇ ಇದ್ದರೆ ಅದೇ ದಿನ ತೆಂಗಿನ ಸಿಪ್ಪೆ, ಮರಳು ಹಾಕಿ ಉಜ್ಜಿ ತೊಳೆಯಿರಿ. ಬೊರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರಲ್ಲಿ ಮುಳುಗಿಸಿಡಿ. ಹಿಟ್ಟು ಉದುರಿಸುವ ಕೊರೆಹುಳ ಬೆತ್ತದ ದೊಡ್ಡ ಶತ್ರು, ಈ ನೀರು ಅದನ್ನು ತಡೆಯುತ್ತದೆ. ಆಮೇಲೆ ಗಾಳಿ ಆಡುವಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿ. ನೆಲದ ಮೇಲೆ ರಾಶಿ ಹಾಕಿದರೆ ಅಡಿಯದ್ದು ಕೊಳೆಯುತ್ತದೆ.

ಕೊಳ್ಳುವವರು ಯಾರು? ಪೀಠೋಪಕರಣ ಮಾಡುವವರು ಮೊದಲು. ಇಂಡೋನೇಷ್ಯಾ ಜಗತ್ತಿನಲ್ಲೇ ಅತಿ ಹೆಚ್ಚು ಬೆತ್ತ ಬೆಳೆಯುವ ದೇಶ. ಅದು 2012ರಲ್ಲಿ ಕಚ್ಚಾ ಬೆತ್ತದ ರಫ್ತನ್ನೇ ನಿಷೇಧಿಸಿತು. ನಮ್ಮಲ್ಲಿ ಬೆಳೆದದ್ದಕ್ಕೆ ಅದರಿಂದ ಬೆಲೆ ಬಂತು ಎಂದು ನಾನು ಹೇಳುವುದಿಲ್ಲ, ಆದರೆ ಊರಲ್ಲೇ ಕಚ್ಚಾಮಾಲು ಇರಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಬುಟ್ಟಿ ಹೆಣೆಯುವವರನ್ನೂ ಮರೆಯಬೇಡಿ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಕೊರಗ ಸಮುದಾಯದವರ ಕೈಯಲ್ಲಿ ಆ ವಿದ್ಯೆ ತಲೆಮಾರುಗಳಿಂದ ಇದೆ. ಬಳ್ಳಿ, ಬಿದಿರು, ಬೆತ್ತ ತರಲು ಕಾಡಿಗೆ ಹೋಗುವುದು ಅವರಿಗೆ ಈಗ ಸುಲಭವಿಲ್ಲ. ನಿಮ್ಮ ತೆಳು ಬೆತ್ತವನ್ನು ಮೊದಲು ಅವರಿಗೆ ತೋರಿಸಿ. ಯಾವ ದಪ್ಪ, ಯಾವ ಉದ್ದ ಬೇಕು ಎಂದು ಅವರನ್ನು ಕೇಳಿ ತಿಳಿದು, ಅದರಂತೆ ಕಡಿಯಿರಿ, ಸರಿಯಾದ ದುಡ್ಡಿಗೆ ಕೊಡಿ.

ಬುಡದ ಕಡೆ ಇನ್ನೊಮ್ಮೆ ಹೋಗಿ. ಒಣಗಿದ ಪೊರೆ, ಕೊಳೆತ ಕಾಂಡ ತೆಗೆದು ಸ್ವಚ್ಛ ಮಾಡಿ. ಎಳೆಯ ಕಂದುಗಳನ್ನು ಎಳೆಯುವಾಗ ತುಳಿದಿದ್ದರೆ ನೆಟ್ಟಗೆ ಮಾಡಿ, ಬುಡಕ್ಕೆ ಮಣ್ಣು ಕೊಡಿ. ಒಂದು ಬುಡದಲ್ಲಿರುವ ಎಲ್ಲ ಕಾಂಡವನ್ನೂ ಒಂದೇ ವರ್ಷ ಕಡಿಯಬೇಡಿ. ಬಲಿತದ್ದನ್ನು ಮಾತ್ರ ತೆಗೆದರೆ ಉಳಿದ ಕಂದುಗಳು ಬೆಳೆಯುತ್ತಾ ಬರುತ್ತವೆ, ಮೂರ್ನಾಲ್ಕು ವರ್ಷಕ್ಕೊಮ್ಮೆ ಅದೇ ಬುಡದಿಂದ ಮತ್ತೆ ಬೆತ್ತ ತೆಗೆಯಬಹುದು. ಬೆತ್ತ ಇಳಿಸಿದ ಜಾಗದಲ್ಲಿ ಮೇಲೆ ಬೆಳಕು ಹೆಚ್ಚಾಗಿರುತ್ತದೆ. ಆ ವರ್ಷ ಕೊಂಬೆ ಸವರುವ ಕೆಲಸ ಇರುವುದಿಲ್ಲ.